'ಒಂದೆರಡು ಬಿಯರ್' ಎಂದರೆ ಎಷ್ಟು? ಅಮೆರಿಕದಲ್ಲಿ ಸ್ಪ್ಯಾನಿಷ್ ಕೋರ್ಟ್ ದುಭಾಷಿ ಆಗುವ ದಾರಿ

ಕೋರ್ಟಿನಲ್ಲಿ ನಾನು ಮಾಡಿದ ಮೊದಲ ದೊಡ್ಡ ತಪ್ಪು ಬಿಯರಿನದು.

ನ್ಯೂಜೆರ್ಸಿಯ ಒಂದು ಮುನಿಸಿಪಲ್ ಕೋರ್ಟ್. ಕುಡಿದು ಗಾಡಿ ಓಡಿಸಿದ ಕೇಸು. ಎಷ್ಟು ಕುಡಿದಿದ್ದಿರಿ ಎಂದು ಸರ್ಕಾರಿ ವಕೀಲರು ಕೇಳಿದರು. ಆರೋಪಿ ಮೆಲ್ಲಗೆ 'ಉನ್ ಪಾರ್ ದೆ ಸೆರ್ವೆಸಿತಾಸ್' ಎಂದ. ನಾನು ಚುರುಕಾಗಿ ಇಂಗ್ಲಿಷಿನಲ್ಲಿ 'ಎರಡು ಬಿಯರ್' ಎಂದುಬಿಟ್ಟೆ. ಅವನ ವಕೀಲೆಗೆ ಸ್ಪ್ಯಾನಿಷ್ ಬರುತ್ತಿತ್ತು. ತಕ್ಷಣ ಎದ್ದು ನಿಂತರು. ನನ್ನ ಕಕ್ಷಿದಾರ ಎರಡು ಎಂದು ಹೇಳಲೇ ಇಲ್ಲ, ಆಮೇಲೆ ಮೂರನೆಯ ಬಾಟಲಿ ಲೆಕ್ಕಕ್ಕೆ ಬಂದರೆ ಅವನು ಸುಳ್ಳುಗಾರ ಆಗುತ್ತಾನೆ ಎಂದರು. ಅವರ ಮಾತು ಸರಿಯಾಗಿತ್ತು. ನಮ್ಮಲ್ಲಿ 'ಒಂದೆರಡು ಮಾತು ಆಡ್ತೀನಿ' ಎಂದು ಮೈಕ್ ಹಿಡಿದವರು ಮುಕ್ಕಾಲು ಗಂಟೆ ಬಿಡುವುದಿಲ್ಲ, ಅಲ್ವಾ? 'ಉನ್ ಪಾರ್' ಕೂಡ ಹಾಗೇ. ಅದು ಒಂದೆರಡು, ಎರಡಲ್ಲ. ಕನ್ನಡದವಳಾಗಿ ನನಗೇ ಇದು ಹೊಳೆಯದೇ ಹೋಯಿತಲ್ಲ ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ನಾಚಿಕೆಯಾಯಿತು.

ನಾನು ತಿಪಟೂರಿನವಳು. ಹೈದರಾಬಾದಿನ ಇಫ್ಲು ಎಂಬ ಭಾಷಾ ವಿಶ್ವವಿದ್ಯಾಲಯದಲ್ಲಿ ಸ್ಪ್ಯಾನಿಷ್ ಎಂ.ಎ. ಮಾಡಿ, ಮದುವೆಯಾಗಿ ನ್ಯೂಜೆರ್ಸಿಯ ಎಡಿಸನ್‌ಗೆ ಬಂದೆ. ಹನ್ನೊಂದು ವರ್ಷ ಕೋರ್ಟುಗಳಲ್ಲಿ ದುಭಾಷಿಯಾಗಿ ದುಡಿದೆ. ಈಗ ನಾಲ್ಕು ವರ್ಷದಿಂದ ದುಭಾಷಿಗಳ ಕಚೇರಿ ನಡೆಸುತ್ತಿದ್ದೇನೆ. ಸ್ಪ್ಯಾನಿಷ್ ಕಲಿತ ಕನ್ನಡದ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. 'ಅಕ್ಕಾ, ನನಗೆ ಸ್ಪ್ಯಾನಿಷಿನಲ್ಲಿ ಸಿ1 ಮಟ್ಟ ಆಗಿದೆ, ಕೋರ್ಟಿನಲ್ಲಿ ಕೆಲಸ ಸಿಗುತ್ತಾ?' ಎಂದು ಕೇಳುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಕೇಸಿನ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಬದಲಿಸದೆ ಬರೆದರೆ ನನ್ನ ಕೆಲಸವೇ ಹೋಗುತ್ತದೆ.

ಮೊದಲು ಬೇಸರದ ವಿಷಯ ಮುಗಿಸೋಣ. ಎಚ್-1ಬಿ ಉದ್ಯೋಗ ವೀಸಾ ಮೇಲಿದ್ದು, ಸಂಜೆ ಸುಮ್ನೆ ನಾಲ್ಕು ಡಾಲರ್ ಆಗುತ್ತದೆಂದು ಬೇರೆಯವರಿಗೆ ಫ್ರೀಲಾನ್ಸ್ ಮಾಡುವಂತಿಲ್ಲ. ಅವರ ಗಂಡ ಅಥವಾ ಹೆಂಡತಿಯಾಗಿ ಎಚ್-4 ವೀಸಾ ಮೇಲಿದ್ದರೆ ಕೆಲಸದ ಪರವಾನಗಿ ಬೇಕು. ಅದು 2015ರಿಂದ ಕೆಲವು ಎಚ್-4 ಸಂಗಾತಿಗಳಿಗೆ ಸಿಗುತ್ತಿದೆ. ನಾನು ಬಂದಾಗ ಆ ಸೌಲಭ್ಯ ಇನ್ನೂ ಇರಲಿಲ್ಲ. ಕೆಲಸ ಮಾಡುವ ಅನುಮತಿ ಸಿಗುವ ತನಕ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಮೆಕ್ಸಿಕೊದವರಿಗೆ ಬಿಟ್ಟಿಯಾಗಿ ಇಂಗ್ಲಿಷ್ ಹೇಳಿಕೊಟ್ಟೆ. ಆ ಬಿಟ್ಟಿ ದುಡಿಮೆಯೇ ನನಗೆ ಅನ್ನ ಕೊಟ್ಟಿತು. ಯಾಕೆ ಎಂದು ಮುಂದೆ ಹೇಳುತ್ತೇನೆ.

ಈ ಕೆಲಸ ಹುಟ್ಟಿದ್ದು ಹೇಗೆ

1967ರಲ್ಲಿ ನ್ಯೂಯಾರ್ಕ್ ರಾಜ್ಯದ ಸಫೊಕ್ ಕೌಂಟಿಯಲ್ಲಿ ರೊಖೆಲಿಯೊ ನಿಯೆವೆಸ್ ನೆಗ್ರೋನ್ ಎಂಬ ಪೋರ್ಟೊರಿಕೊದ ಕೂಲಿಯಾಳಿನ ಮೇಲೆ ಕೊಲೆ ವಿಚಾರಣೆ ನಡೆಯಿತು. ಅವನಿಗೆ ಇಂಗ್ಲಿಷ್ ಒಂದಕ್ಷರ ಬರುತ್ತಿರಲಿಲ್ಲ. ಅವನ ವಕೀಲರಿಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ. ಇದ್ದೊಬ್ಬ ದುಭಾಷಿಯನ್ನು ಕರೆಸಿದ್ದು ಸರ್ಕಾರಿ ಕಡೆಯವರು. ಆಕೆ ಬಿಡುವಿನಲ್ಲಿ ಹತ್ತಿಪ್ಪತ್ತು ನಿಮಿಷ ಕೂತು, ಸಾಕ್ಷಿಗಳು ಏನು ಹೇಳಿದರೆಂದು ಅವನಿಗೆ ಸಾರಾಂಶ ಹೇಳುತ್ತಿದ್ದರು. ಉಳಿದ ಹೊತ್ತೆಲ್ಲ ಅವನು ತನ್ನದೇ ವಿಚಾರಣೆಯಲ್ಲಿ ಕಿವುಡನಂತೆ ಕೂತಿದ್ದ. 1970ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ಇದನ್ನು ನ್ಯಾಯವಾದ ವಿಚಾರಣೆ ಎಂದು ಒಪ್ಪಲಿಲ್ಲ. 1978ರಲ್ಲಿ ಕೋರ್ಟ್ ಇಂಟರ್‌ಪ್ರಿಟರ್ಸ್ ಆಕ್ಟ್ ಬಂತು. ಫೆಡರಲ್ ಕೋರ್ಟುಗಳಲ್ಲಿ ಪರೀಕ್ಷೆ ಪಾಸಾದ ದುಭಾಷಿಯ ವ್ಯವಸ್ಥೆ ಶುರುವಾಯಿತು. 1995ರಲ್ಲಿ ನ್ಯೂಜೆರ್ಸಿ, ಮಿನೆಸೋಟ, ಒರೆಗನ್, ವಾಷಿಂಗ್ಟನ್ ರಾಜ್ಯಗಳು ಸೇರಿ ರಾಜ್ಯ ಕೋರ್ಟುಗಳಿಗೂ ಪರೀಕ್ಷೆ ಹಂಚಿಕೊಳ್ಳುವ ಕೂಟ ಕಟ್ಟಿದವು.

ಸಂದರ್ಶನದಲ್ಲಿ ನಾನು ನೆಗ್ರೋನ್ ಬಗ್ಗೆ ಕೇಳಿಯೇ ಕೇಳುತ್ತೇನೆ. ಇಸವಿ ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ. ಸಾರಾಂಶ ಯಾಕೆ ಸಾಲದು ಎನ್ನುವುದು ಗೊತ್ತಿರಬೇಕು.

ಯಾವ ಸ್ಪ್ಯಾನಿಷ್?

ಪುಸ್ತಕದ ಸ್ಪ್ಯಾನಿಷ್ ಇಟ್ಟುಕೊಂಡು ಬಂದ ನನಗೆ ನ್ಯೂಜೆರ್ಸಿ ಒಳ್ಳೆ ಪೆಟ್ಟು ಕೊಟ್ಟಿತು. ಪ್ಯಾಟರ್ಸನ್‌ನಲ್ಲಿ ಪೆರುವಿನವರು, ಯೂನಿಯನ್ ಸಿಟಿಯಲ್ಲಿ ಕ್ಯೂಬಾದವರು, ನ್ಯೂ ಬ್ರನ್ಸ್‌ವಿಕ್‌ನಲ್ಲಿ ಮೆಕ್ಸಿಕೊದ ಓಹಾಕಾ ಕಡೆಯವರು. 'ಗ್ವಾಗ್ವಾ' ಎಂದರೆ ಕ್ಯೂಬಾ, ಪೋರ್ಟೊರಿಕೊದವರಿಗೆ ಬಸ್ಸು. ಪೆರು, ಎಕ್ವಡಾರ್ ಬೆಟ್ಟದವರಿಗೆ ಕೂಸು. 'ಗ್ವಾಗ್ವಾ ಬಿಟ್ಟು ಬಂದೆ' ಎಂದು ಸಾಕ್ಷಿ ಹೇಳಿದರೆ ಊರು ಯಾವುದೆಂದು ಗೊತ್ತಿರಬೇಕಲ್ಲ! 'ಪಿಸ್ತೊ' ಹೊಂಡುರಾಸಿನವನ ಬಾಯಲ್ಲಿ ದುಡ್ಡು, ಮೆಕ್ಸಿಕೊದವನ ಬಾಯಲ್ಲಿ ಹೆಂಡ. ಮಂಡ್ಯದ ಮಾತು, ಧಾರವಾಡದ ಮಾತು, ಕುಂದಾಪುರದ ಮಾತು ಕೇಳಿ ಬೆಳೆದ ನಮಗೆ ಇದು ವಿಚಿತ್ರವಲ್ಲ. ಆದರೆ ನಿಘಂಟು ಓದಿದರೆ ಇದು ಬರುವುದಿಲ್ಲ. ಜನರ ಮಧ್ಯೆ ಕೂರಬೇಕು. ನಾನು ಆ ಇಂಗ್ಲಿಷ್ ತರಗತಿಗಳಲ್ಲಿ ಕಲಿಸಿದ್ದಕ್ಕಿಂತ ಕಲಿತದ್ದೇ ಜಾಸ್ತಿ.

ಕನ್ನಡದವರಿಗೆ ಒಂದು ದೊಡ್ಡ ಅನುಕೂಲ ಇದೆ. ಸ್ಪ್ಯಾನಿಷಿನಲ್ಲಿ 'ಮೆ ಗುಸ್ತಾ' ಎಂದರೆ 'ನನಗೆ ಇಷ್ಟ'. 'ಮೆ ದುಯೆಲೆ ಲಾ ಕಬೇಸಾ' ಎಂದರೆ 'ನನಗೆ ತಲೆ ನೋಯುತ್ತೆ'. 'ಸೆ ಮೆ ಓಲ್ವಿದೋ' ಎಂದರೆ 'ನನಗೆ ಮರೆತುಹೋಯ್ತು'. ಎಲ್ಲ ಕಡೆ 'ನನಗೆ'. ಇಂಗ್ಲಿಷ್ ಹಾಗಲ್ಲ. ಅದಕ್ಕೆ ಎಲ್ಲವನ್ನೂ ಮಾಡುವ ಒಬ್ಬ ಮನುಷ್ಯ ಬೇಕು. ಮಗುವಿಗೆ ಪೆಟ್ಟಾದ ಒಂದು ಕೇಸಿನಲ್ಲಿ ತಾಯಿ 'ಸೆ ಮೆ ಕಯೋ ಎಲ್ ನೀನ್ಯೊ' ಎಂದಳು. ಮಗು ನನ್ನ ಕೈಜಾರಿ ಬಿತ್ತು ಎಂದು ಅದರ ಅರ್ಥ. ಪುಸ್ತಕದಿಂದ ಕಲಿತ ಅಮೆರಿಕನ್ ವಿದ್ಯಾರ್ಥಿ ಇದನ್ನು 'ನಾನು ಮಗುವನ್ನು ಬೀಳಿಸಿದೆ' ಎಂಬಂತೆ ಇಂಗ್ಲಿಷಿಗೆ ತರುತ್ತಾನೆ. ಕೋರ್ಟಿನ ದಾಖಲೆಗೆ ಹೋಗುವುದು ಇಂಗ್ಲಿಷ್ ಮಾತ್ರ. ಬಿತ್ತು, ಬೀಳಿಸಿದೆ, ಇವೆರಡರ ನಡುವೆ ಆ ಮಗು ಯಾರ ಮನೆಯಲ್ಲಿ ಬೆಳೆಯಬೇಕು ಎನ್ನುವುದೇ ನಿಂತಿರುತ್ತದೆ. ನನಗೆ ಆವತ್ತು ಇಂಗ್ಲಿಷಿನಲ್ಲಿ 'ನನ್ನ ಕೈಯಿಂದ ಜಾರಿತು' ಎಂದು ಹೇಳಲು ಒಂದು ಕ್ಷಣವೂ ಬೇಕಾಗಲಿಲ್ಲ.

ಒಂದು ಅನಾನುಕೂಲವೂ ಇದೆ. ನಮ್ಮಲ್ಲಿ ಹೊಡೆದ, ಹೊಡೆದಳು ಎಂದು ಕ್ರಿಯಾಪದದಲ್ಲೇ ಗಂಡೋ ಹೆಣ್ಣೋ ಗೊತ್ತಾಗುತ್ತದೆ. ಸ್ಪ್ಯಾನಿಷಿನ 'ಲೆ ಪೆಗೋ'ದಲ್ಲಿ ಹೊಡೆದವರೂ ಗೊತ್ತಿಲ್ಲ, ಪೆಟ್ಟು ತಿಂದವರೂ ಗೊತ್ತಿಲ್ಲ. ಇಂಗ್ಲಿಷಿಗೆ ಇಬ್ಬರೂ ಬೇಕು. ಊಹಿಸಿ ತುಂಬುವಂತಿಲ್ಲ. ನ್ಯಾಯಾಧೀಶರ ಕಡೆ ತಿರುಗಿ, 'ದುಭಾಷಿಗೆ ಸ್ಪಷ್ಟನೆ ಬೇಕು' ಎಂದು ಕೇಳಬೇಕು. ಗಮನಿಸಿ, 'ನನಗೆ ಬೇಕು' ಎನ್ನುವುದಿಲ್ಲ. ಕೋರ್ಟಿನಲ್ಲಿ 'ನಾನು' ಎಂದರೆ ಸಾಕ್ಷಿ. ಅವನು 'ನಾನು ಕೊಂದೆ' ಎಂದರೆ ನೀವೂ 'ನಾನು ಕೊಂದೆ' ಎನ್ನುತ್ತೀರಿ. ನಿಮ್ಮ ಬಗ್ಗೆ ಹೇಳುವಾಗ ಮಾತ್ರ 'ದುಭಾಷಿ' ಎನ್ನಬೇಕು.

ಮೋಸದ ಪದಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. 'ಇನ್ಹೂರಿಯಾ' ಇಂಗ್ಲಿಷಿನ 'ಇಂಜುರಿ'ಯಂತೆ ಕೇಳುತ್ತದೆ, ಆದರೆ ಅದು ನಿಂದನೆ. 'ಲಿಬೆರ್ತಾದ್ ಕೊಂದಿಸಿಯೊನಾಲ್' ಎಂದು ಜನ ಜೈಲಿನ ಬದಲು ನಿಗಾದಲ್ಲಿಡುವ ಪ್ರೊಬೇಷನ್‌ಗೂ ಹೇಳುತ್ತಾರೆ, ಜೈಲಿನಿಂದ ಅವಧಿಗೆ ಮುಂಚೆ ಷರತ್ತಿನ ಮೇಲೆ ಬಿಡುವ ಪೆರೋಲ್‌ಗೂ ಹೇಳುತ್ತಾರೆ. ನ್ಯೂಜೆರ್ಸಿಯಲ್ಲಂತೂ ಬೇರೆ ರಾಜ್ಯದಲ್ಲಿ 'ಮಿಸ್‌ಡಿಮೀನರ್' ಎನ್ನುವ ಚಿಕ್ಕ ಅಪರಾಧಕ್ಕೆ 'ಡಿಸಾರ್ಡರ್ಲಿ ಪರ್ಸನ್ಸ್ ಅಫೆನ್ಸ್' ಎಂಬ ಹೆಸರಿದೆ. ಒಮ್ಮೆ ಕೌಂಟರಿನಲ್ಲಿ ಒಬ್ಬರು ಫೋನಿನ ಆ್ಯಪ್‌ನಲ್ಲಿ ಇದನ್ನು ತರ್ಜುಮೆ ಮಾಡಿ ತೋರಿಸಿದರು. 'ಪೆರ್ಸೊನಾ ದೆಸೊರ್ದೆನಾದಾ' ಎಂದು ಬಂತು. ಅಸ್ತವ್ಯಸ್ತ ಮನುಷ್ಯ! ಆ ಪಾಪದವನು ಬಗ್ಗಿ ತನ್ನ ಶರ್ಟು ನೋಡಿಕೊಂಡ.

ಅಭ್ಯಾಸ ಮತ್ತು ಪರೀಕ್ಷೆ

ಕೆಲಸದಲ್ಲಿ ಮೂರು ಬಗೆ. ಸಾಕ್ಷಿ ಮಾತು ಮುಗಿಸಿದ ಮೇಲೆ ಹೇಳುವುದು ಒಂದು. ನ್ಯಾಯಾಧೀಶರು, ವಕೀಲರು ಮಾತಾಡುತ್ತಿರುವಾಗಲೇ ಆರೋಪಿಯ ಕಿವಿಗೆ ಹರಿಸುವುದು ಇನ್ನೊಂದು. ಕಾಗದ ನೋಡಿ ಅಲ್ಲಿಯೇ ಬಾಯಲ್ಲಿ ಹೇಳುವುದು ಮೂರನೆಯದು.

ರಾಜ್ಯ ಮಟ್ಟದಲ್ಲಿ ಹೆಚ್ಚಿನ ಕಡೆ ನ್ಯಾಷನಲ್ ಸೆಂಟರ್ ಫಾರ್ ಸ್ಟೇಟ್ ಕೋರ್ಟ್ಸ್ ಸಿದ್ಧಪಡಿಸಿದ ಪರೀಕ್ಷೆ. ಬರಹದ ಪರೀಕ್ಷೆಯಲ್ಲಿ 135 ಪ್ರಶ್ನೆ, ಶೇ. 80 ಬೇಕು. ಅದು ಇಂಗ್ಲಿಷ್, ಕೋರ್ಟ್ ಪದಗಳು ಮತ್ತು ನೀತಿಸಂಹಿತೆ ಬಗ್ಗೆ. ನಮ್ಮ ಎಸ್ಸೆಸ್ಸೆಲ್ಸಿ ಪದ್ಧತಿಯಲ್ಲಿ ಪಳಗಿದವರಿಗೆ ಕಷ್ಟವಲ್ಲ. ಕಷ್ಟವೆಲ್ಲ ಮೌಖಿಕದಲ್ಲಿದೆ. ಅಲ್ಲಿ ಪ್ರತಿ ಭಾಗದಲ್ಲೂ ಶೇ. 70 ಬೇಕು. ಒಂದರಲ್ಲಿ 95 ತೆಗೆದು ಇನ್ನೊಂದಕ್ಕೆ ತುಂಬಿಸುತ್ತೇನೆ ಎಂದರೆ ನಡೆಯದು. ನಾನು ಮೊದಲ ಸಲ, ಮಾತಿನ ಜತೆಜತೆಗೇ ಹೇಳುವ ಭಾಗದಲ್ಲಿ 64 ತೆಗೆದು ಬಿದ್ದೆ. ನಿಮಿಷಕ್ಕೆ ಸುಮಾರು 120 ಪದದ ವೇಗದಲ್ಲಿ ಇಂಗ್ಲಿಷ್ ಕಿವಿಗೆ ಬೀಳುತ್ತಿರುತ್ತದೆ. ಮೂರನೇ ನಿಮಿಷದಲ್ಲಿ ಒಂದು ಪದಕ್ಕೆ ತಡಕಾಡಿದೆ. ಅಷ್ಟರಲ್ಲಿ ಎರಡು ವಾಕ್ಯ ಹೋಗಿತ್ತು. ಗಾಬರಿಯಲ್ಲಿ ಇನ್ನೂ ನಾಲ್ಕು ಹೋದವು.

ಅಂಕ ಕೊಡುವ ರೀತಿ ತಿಳಿದರೆ ಅಭ್ಯಾಸ ಹೇಗಿರಬೇಕೆಂದು ಗೊತ್ತಾಗುತ್ತದೆ. ಪರೀಕ್ಷಕರು ಒಟ್ಟಾರೆ ಚೆನ್ನಾಗಿತ್ತು ಎಂದು ಅಂಕ ಕೊಡುವುದಿಲ್ಲ. ಪಠ್ಯದಲ್ಲಿ ಮೊದಲೇ ಕೆಲವು ತುಣುಕುಗಳನ್ನು ಗುರುತು ಮಾಡಿರುತ್ತಾರೆ. ಹೆಸರು, ಸಂಖ್ಯೆ, ಕಾನೂನಿನ ಪದ, ಬೈಗುಳ, ನುಡಿಗಟ್ಟು, 'ಬಹುಶಃ', 'ಸುಮಾರು', 'ತುಂಬಾ' ಇಂಥವು. ಅವು ಬಂದವೋ ಇಲ್ಲವೋ ಎಂದು ಎಣಿಸುತ್ತಾರೆ. ಅಂದರೆ ಕಥೆ ಪೂರ್ತಿ ಅರ್ಥವಾಗಿ, ಸುಂದರವಾಗಿ ಹೇಳಿ, 'ಸುಮಾರು' ಬಿಟ್ಟರೆ ಅಂಕ ಹೋಯಿತು. ಬೈಗುಳ ಬಂದಾಗ ನಮ್ಮ ಮನೆಯ ಹೆಣ್ಣುಮಕ್ಕಳು ಮೆತ್ತಗೆ ಮಾಡುತ್ತಾರೆ. ನಾನೂ ಮಾಡಿದ್ದೇನೆ. ಮಾಡಬೇಡಿ. ಅವನು ಅಂದದ್ದು ಅದೇ ತೂಕದಲ್ಲಿ ಬರಬೇಕು. ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಎರಡೂ ಭಾಷೆಯ ಬೈಗುಳ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿದವಳು ನಾನು. ಅತ್ತೆ ಊರಿಂದ ಬಂದಿದ್ದಾಗ ಮಾತ್ರ ಕಾರಿನಲ್ಲಿ ಕೂತು ಮಾಡಿದೆ.

ಎಂಟು ತಿಂಗಳ ನನ್ನ ದಿನಚರಿ ಹೀಗಿತ್ತು. ಬೆಳಿಗ್ಗೆ ಇಪ್ಪತ್ತು ನಿಮಿಷ, ಕೇಳಿದ್ದನ್ನು ಅದೇ ಭಾಷೆಯಲ್ಲಿ ಎರಡು ಪದ ಹಿಂದೆ ಇದ್ದು ಗಿಳಿಯಂತೆ ಒಪ್ಪಿಸುವುದು. ಅಮೆರಿಕದ ಸುಪ್ರೀಂ ಕೋರ್ಟಿನ ವಾದಗಳ ಧ್ವನಿಮುದ್ರಣ ಅವರದೇ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಮೆಕ್ಸಿಕೊದ ಸುಪ್ರೀಂ ಕೋರ್ಟಿನ ಕಲಾಪ ಯೂಟ್ಯೂಬಿನಲ್ಲಿದೆ. ಅಕ್ಕಿ ರೊಟ್ಟಿ ತಟ್ಟುತ್ತಾ ಮಾಡುತ್ತಿದ್ದೆ, ಕೈ ಬೇರೆ ಕೆಲಸದಲ್ಲಿದ್ದರೆ ಕಿವಿ ಬೇಗ ಪಳಗುತ್ತದೆ. ರಾತ್ರಿ ಅರ್ಧ ಗಂಟೆ, ಇಂಗ್ಲಿಷಿನಿಂದ ಸ್ಪ್ಯಾನಿಷಿಗೆ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳುವುದು. ಈ ಕೊನೆಯದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ತನ್ನ ದನಿ ತನಗೇ ಸಹಿಸುವುದಿಲ್ಲ. ಆದರೆ ತಪ್ಪು ಸಿಗುವುದು ಅಲ್ಲಿಯೇ. ವಾರಕ್ಕೊಂದು ದಿನ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಿ. ಹೆಚ್ಚಿನ ಕಲಾಪ ಸಾರ್ವಜನಿಕರಿಗೆ ತೆರೆದಿರುತ್ತದೆ, ಯಾರ ಅಪ್ಪಣೆಯೂ ಬೇಡ. ಫೋನ್ ಮಾತ್ರ ಚೀಲದಲ್ಲಿರಲಿ.

ನ್ಯೂಜೆರ್ಸಿಯಲ್ಲಿ ಅಂಕ ನೋಡಿ ಮೇಲಿನಿಂದ ಕೆಳಕ್ಕೆ ಮಾಸ್ಟರ್, ಜರ್ನಿ, ಷರತ್ತಿನ ಒಪ್ಪಿಗೆ ಎಂದು ದರ್ಜೆ ಕೊಡುತ್ತಾರೆ. ಅದಕ್ಕೆ ತಕ್ಕಂತೆ ಕೆಲಸ, ಸಂಬಳ. ಫೆಡರಲ್ ಪರೀಕ್ಷೆ ಇನ್ನೊಂದು ಮೆಟ್ಟಿಲು ಮೇಲೆ. ಬರಹದಲ್ಲಿ ಇಂಗ್ಲಿಷ್ 100, ಸ್ಪ್ಯಾನಿಷ್ 100 ಪ್ರಶ್ನೆ, ಎರಡರಲ್ಲೂ 75 ಬೇಕು. ಮೌಖಿಕದಲ್ಲಿ ಐದು ಭಾಗ, ಶೇ. 80. ಒಮ್ಮೆ ತಪ್ಪಿದರೆ ಮತ್ತೆ ಅವಕಾಶ ಬರುವ ತನಕ ಬಹಳ ಕಾಯಬೇಕು. ಹಾಗಾಗಿ ರಾಜ್ಯದ್ದು ಪಾಸಾಗಿ, ಮೂರ್ನಾಲ್ಕು ವರ್ಷ ಕೋರ್ಟಿನ ನೆಲ ಸವೆಸಿ, ಆಮೇಲೆ ಬರೆಯಿರಿ ಎಂದೇ ನಾನು ಹೇಳುವುದು. ಒಂದು ಕಾಲದಲ್ಲಿ ನವಾಹೊ, ಹೈಟಿಯನ್ ಕ್ರಿಯೋಲ್ ಭಾಷೆಗಳಿಗೂ ಈ ಫೆಡರಲ್ ಪರೀಕ್ಷೆ ಇತ್ತು. ಈಗ ಉಳಿದಿರುವುದು ಸ್ಪ್ಯಾನಿಷ್ ಒಂದೇ. ಕನ್ನಡಕ್ಕೆ ರಾಜ್ಯ ಮಟ್ಟದಲ್ಲೂ ಇಂಥ ಪೂರ್ಣ ಮೌಖಿಕ ಪರೀಕ್ಷೆ ಇಲ್ಲ. ಹದಿನೈದು ವರ್ಷದಲ್ಲಿ ಕನ್ನಡಕ್ಕೆಂದು ನನಗೆ ಕರೆ ಬಂದದ್ದು ಎರಡೇ ಸಲ. ಎರಡೂ ಡಿವೋರ್ಸ್ ಕೇಸು. ಒಂದರಲ್ಲಿ ಗಂಡನ ಕಡೆಯವರು ನಮಗೆ ದೂರದ ನೆಂಟರು ಎಂದು ಗೊತ್ತಾಗಿ, ಹೇಳಿ ಹೊರಬಂದೆ. ಪರಿಚಯ ಇದ್ದರೆ ಬಾಯಿಬಿಟ್ಟು ಹೇಳುವುದು ನಿಯಮ.

ಕೆಲಸ ಶುರುವಾದ ಮೇಲೆ

ಫ್ರೀಲಾನ್ಸ್ ಎಂದರೆ ನಿಮ್ಮ ಅಂಗಡಿ ನಿಮ್ಮದು. ವರ್ಷದ ಕೊನೆಗೆ 1099 ಎಂಬ ಆದಾಯದ ಫಾರಂ ಬರುತ್ತದೆ. ಮಾಮೂಲಿ ತೆರಿಗೆಯ ಜತೆಗೆ ಸ್ವಂತ ಉದ್ಯೋಗದ ತೆರಿಗೆ ಶೇ. 15.3 ಇದೆ. ಮೊದಲ ವರ್ಷ ಇದು ಗೊತ್ತಿಲ್ಲದೆ, ತೆರಿಗೆ ಲೆಕ್ಕ ಕೊಡುವ ಏಪ್ರಿಲ್‌ನಲ್ಲಿ ನನ್ನ ಗಂಡನ ಮುಖ ನೋಡುವಂತಿರಲಿಲ್ಲ. ಬಂದ ದುಡ್ಡಿನಲ್ಲಿ ಮೂರನೇ ಒಂದು ಪಾಲು ಪಕ್ಕಕ್ಕಿಡಿ. ಏಜೆನ್ಸಿ ಮೂಲಕ ಹೋದರೆ ಮೂರು ಮಾತು ಕಾಗದದಲ್ಲಿರಲಿ: ಕನಿಷ್ಠ ಎಷ್ಟು ಗಂಟೆಯ ದುಡ್ಡು, ಹಿಂದಿನ ದಿನ ರದ್ದಾದರೆ ಎಷ್ಟು, ಎಷ್ಟು ದಿನದೊಳಗೆ ಪಾವತಿ. ಒಂದು ಏಜೆನ್ಸಿ ನನಗೆ ಐದು ತಿಂಗಳು ಸತಾಯಿಸಿತು. ಕಾಗದ ಇರಲಿಲ್ಲ, ಕೇಳುವ ಬಾಯಿಯೂ ಇರಲಿಲ್ಲ.

ಇನ್ನು ಕಾರಿಡಾರ್. ನಿಜವಾದ ಪರೀಕ್ಷೆ ಅಲ್ಲಿದೆ. ಹೊರಗೆ ಬೆಂಚಿನಲ್ಲಿ ಒಬ್ಬ ಅಜ್ಜಿ ನಿಮ್ಮ ಕೈ ಹಿಡಿದು 'ಮಗಳೇ, ನನ್ನ ಮೊಮ್ಮಗ ತಪ್ಪೊಪ್ಪಿಕೊಳ್ಳಬೇಕಾ, ಬೇಡವಾ?' ಎಂದು ಕೇಳುತ್ತಾಳೆ. ಆಕೆಗೆ ಆ ಕಟ್ಟಡದಲ್ಲಿ ಅರ್ಥವಾಗುವ ಬಾಯಿ ನಿಮ್ಮದೊಂದೇ. ನಮ್ಮ ಊರಿನ ಸಂಸ್ಕಾರ ಸಹಾಯ ಮಾಡು ಎನ್ನುತ್ತದೆ. ನೀವು 'ಇದನ್ನು ವಕೀಲರನ್ನೇ ಕೇಳಬೇಕು ಅಮ್ಮ, ಅವರು ಬಂದಾಗ ನಾನು ಮಾತು ದಾಟಿಸುತ್ತೇನೆ' ಎಂದಷ್ಟೇ ಹೇಳಬಹುದು. ತಪ್ಪೊಪ್ಪಿಗೆಯ ಒಂದು ಮಾತಿಗೆ ಗಡೀಪಾರಾಗುವ ಅಪಾಯ ಇರುತ್ತದೆ. ಅದನ್ನು ವಕೀಲರೇ ತಿಳಿಸಿ ಹೇಳಬೇಕೆಂದು 2010ರ ಪಡಿಯಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ನಿಮ್ಮ ಒಳ್ಳೆಯತನದ ಸಲಹೆ ಅಲ್ಲಿ ವಿಷ. ನಾನು ಕಾರಿಡಾರಿನಲ್ಲಿ ಕಕ್ಷಿದಾರರಿಂದ ದೂರ, ಗುಮಾಸ್ತರ ಕಿಟಕಿಯ ಹತ್ತಿರ ನಿಲ್ಲುವುದನ್ನು ರೂಢಿ ಮಾಡಿಕೊಂಡೆ. ಜಂಬದವಳು ಎಂದುಕೊಂಡವರಿದ್ದಾರೆ. ಇರಲಿ.

ಕುರ್ಚಿ ಬದಲಾದಾಗ

ಮ್ಯಾನೇಜರ್ ಆಗಲು ಎಂ.ಬಿ.ಎ. ಬೇಕಾಗಿಲ್ಲ. ಕೋರ್ಟಿನ ಗಂಟೆಗಳು ಹೇಗೆ ಓಡುತ್ತವೆ ಎಂದು ಗೊತ್ತಿರಬೇಕು. ಏಳೂವರೆಗೆ ಕ್ಯಾಲೆಂಡರ್ ತೆರೆಯುತ್ತೇನೆ. ಯಾವ ಕೋರ್ಟಿಗೆ ಯಾರು, ಯಾವ ಕೇಸಿಗೆ ವಾಯಿದೆ ಬಿತ್ತು, ಯಾವುದು ವಿಡಿಯೊದಲ್ಲಿ ಆಗುತ್ತದೆ, ಯಾವುದಕ್ಕೆ ಎದುರಿಗೇ ಇರಬೇಕು. ವಿಚಾರಣೆಗೆ ಯಾವಾಗಲೂ ಇಬ್ಬರನ್ನು ಕಳಿಸುತ್ತೇನೆ, ಅರ್ಧ ಗಂಟೆಗೊಮ್ಮೆ ಬದಲಾಗಬೇಕು. ಅದಕ್ಕಿಂತ ಜಾಸ್ತಿ ಹೊತ್ತು ಒಬ್ಬರೇ ಮಾಡಿದರೆ ತಪ್ಪು ಹೆಚ್ಚಾಗುತ್ತದೆ, ಮಾಡುವವರಿಗೆ ಅದು ಗೊತ್ತೂ ಆಗುವುದಿಲ್ಲ. 'ಇಬ್ಬರ ದುಡ್ಡು ಯಾಕೆ?' ಎಂದು ಪ್ರತಿ ಬಜೆಟ್‌ನಲ್ಲೂ ಕೇಳುತ್ತಾರೆ. ಪ್ರತಿ ಸಲವೂ ನಗುನಗುತ್ತಾ ಅದೇ ಉತ್ತರ ಕೊಡುವುದು ಈ ಹುದ್ದೆಯ ಅರ್ಧ ಕೆಲಸ. ಕಾನೂನಿನ ಗಾಳಿ ಎತ್ತ ಬೀಸುತ್ತಿದೆ ಎಂದೂ ನೋಡುತ್ತಿರಬೇಕು. ಇಂಗ್ಲಿಷ್ ಬಾರದವರಿಗೆ ಸೇವೆ ಕೊಡಬೇಕೆಂಬ 2000ದ ಅಧ್ಯಕ್ಷರ ಆದೇಶವನ್ನು 2025ರ ಮಾರ್ಚ್‌ನಲ್ಲಿ ಹಿಂತೆಗೆದರು. 1964ರ ನಾಗರಿಕ ಹಕ್ಕು ಕಾಯ್ದೆ, 1978ರ ಕಾಯ್ದೆ ಹಾಗೇ ಇವೆ. ಆವತ್ತು ಬೆಳಿಗ್ಗೆ ನನಗೆ ಬಂದ ಫೋನುಗಳಿಗೆಲ್ಲ ಇದನ್ನೇ ಹೇಳಿದೆ.

ಈ ಕುರ್ಚಿಯಲ್ಲಿ ಕೂತ ಮೇಲೆ ತಿಳಿದದ್ದು, 'ಸ್ಪ್ಯಾನಿಷ್ ಬೇಕು' ಎಂದು ಬಂದ ಬೇಡಿಕೆಯನ್ನು ಕಣ್ಣುಮುಚ್ಚಿ ನಂಬಬಾರದು. ಗ್ವಾಟೆಮಾಲಾದ ವೆವೆತೆನಾಂಗೊ ಕಡೆಯ ಒಬ್ಬ ಯುವಕ. ನಾನೇ ಹೋಗಿದ್ದೆ. ನ್ಯಾಯಾಧೀಶರು ಏನು ಕೇಳಿದರೂ ಅವನು 'ಸೀ' ಎನ್ನುತ್ತಿದ್ದ. ಹೌದು, ಹೌದು, ಹೌದು. ತಾಂಡಾದಿಂದ ಬಂದ ಲಂಬಾಣಿ ಅಜ್ಜಿ ನಮ್ಮ ತಾಲ್ಲೂಕು ಕಚೇರಿಯಲ್ಲಿ ಕನ್ನಡಕ್ಕೆಲ್ಲ 'ಹ್ಞೂಂ' ಎನ್ನುತ್ತಿದ್ದದ್ದು ನೆನಪಾಯಿತು. 'ಸ್ಪ್ಯಾನಿಷ್ ಬರುತ್ತಾ?' ಎಂಬ ಪ್ರಶ್ನೆಯಿಂದ ಉಪಯೋಗವಿಲ್ಲ, ಅದಕ್ಕೂ 'ಸೀ' ಎನ್ನುತ್ತಾರೆ. ದುಭಾಷಿಗೆ ಮಾತು ತಲುಪುತ್ತಿಲ್ಲ ಎನಿಸುತ್ತಿದೆ ಎಂದು ನ್ಯಾಯಾಧೀಶರಿಗೆ ತಿಳಿಸಿದೆ. ಮನೆಯಲ್ಲಿ ಅಮ್ಮನ ಜತೆ ಯಾವ ಮಾತು ಆಡುತ್ತೀರಿ ಎಂದು ಕೇಳಲು ಅವರು ಒಪ್ಪಿದರು. 'ಮಾಮ್' ಎಂದ. ಅದೊಂದು ಮಾಯಾ ಭಾಷೆ, ಸ್ಪ್ಯಾನಿಷಿಗೂ ಅದಕ್ಕೂ ಸಂಬಂಧವೇ ಇಲ್ಲ.

ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ ಮಾಮ್ ಜನ ಬಹಳ. ಅಲ್ಲಿಂದ ವಿಡಿಯೊದಲ್ಲಿ ಒಬ್ಬಾಕೆ ಸಿಕ್ಕಿದರು. ಆಕೆ ಮಾಮ್‌ನಿಂದ ಸ್ಪ್ಯಾನಿಷಿಗೆ, ನಾನು ಸ್ಪ್ಯಾನಿಷಿನಿಂದ ಇಂಗ್ಲಿಷಿಗೆ. ನಮ್ಮ ಒಂಬತ್ತು ಗಂಟೆ ಎಂದರೆ ಅಲ್ಲಿ ಬೆಳಗಿನ ಆರು. ಆಕೆ ಮಂಕಿ ಟೋಪಿಯಲ್ಲೇ ಪರದೆಯ ಮೇಲೆ ಬಂದರು. ಹದಿನೈದು ನಿಮಿಷದ್ದೆಂದು ಹಾಕಿದ್ದ ಕಲಾಪ ಒಂದು ಗಂಟೆ ಹಿಡಿಯಿತು. ಸಂಜೆ ಕೂತು ಕಚೇರಿಯ ಫಾರಂ ಬದಲಿಸಿದೆ. 'ಸ್ಪ್ಯಾನಿಷ್ ಬೇಕೇ' ಎಂಬ ಸಾಲು ತೆಗೆದು 'ಮನೆಯಲ್ಲಿ ಆಡುವ ಮಾತು ಯಾವುದು, ಊರು ಯಾವುದು' ಎಂದು ಹಾಕಿದೆ. ಈಗ ಮಾಮ್ ಎಂದು ಬಂದರೆ ಹನ್ನೊಂದಕ್ಕಿಂತ ಮುಂಚೆ ಹಾಕುವುದಿಲ್ಲ, ಒಂದು ಗಂಟೆಗಿಂತ ಕಡಿಮೆ ಇಡುವುದಿಲ್ಲ.